ಸ್ಪಿತಿಗೆ ಹೊರಟವರಿಗೆ: ಕಿನ್ನೌರ್ ಕಡೆಯಿಂದ ನಿಧಾನವಾಗಿ ಹತ್ತಿ, ಮನಾಲಿ ಕಡೆಗೆ ಇಳಿಯಿರಿ

ಹಿಮಾಚಲ ಪ್ರದೇಶದ ಸ್ಪಿತಿ ನೋಡಬೇಕು ಅಂತ ನಾನು ಹತ್ತು ವರ್ಷ ಕಾದೆ. ಮೊದಲ ಸಲ ಹೊರಟಿದ್ದು 2014ರ ಜುಲೈನಲ್ಲಿ. ಬೆಂಗಳೂರಿನಿಂದ ದೆಹಲಿ, ಅಲ್ಲಿಂದ ರಾತ್ರಿ ಬಸ್ಸಿನಲ್ಲಿ ಮನಾಲಿ, ಮರುದಿನ ಬೆಳಗಿನ ಜಾವಕ್ಕೇ ಜೀಪ್ ಹತ್ತಿ ರೋಹ್ತಾಂಗ್ ಪಾಸ್ (ಬೆಟ್ಟಸಾಲು ದಾಟುವ ಎತ್ತರದ ದಾರಿ) ದಾಟಿ, ಸಂಜೆಗೆ ಚಂದ್ರತಾಲ್ ಸರೋವರದ ಟೆಂಟ್. ನಮ್ಮನ್ನು ಕರೆದುಕೊಂಡು ಹೋದ ಟೂರ್‌ನವರು ಹಾಕಿದ್ದ ಪ್ಲಾನ್ ಅದು. ಬೆಂಗಳೂರು ಇರುವುದು 900 ಮೀಟರ್ ಎತ್ತರದಲ್ಲಿ, ಮನಾಲಿ ಸುಮಾರು 2,050, ಚಂದ್ರತಾಲ್ 4,250. ಒಂದೇ ಹಗಲಲ್ಲಿ 2,200 ಮೀಟರ್ ಮೇಲಕ್ಕೆ! ಆ ರಾತ್ರಿ ತಲೆ ಸಿಡಿಯುವ ನೋವು, ವಾಂತಿ, ಬೆಳಗ್ಗೆ ಎದ್ದು ನಿಂತರೆ ಕಾಲು ಎಲ್ಲೋ ಹೋಗುತ್ತಿತ್ತು. ಜೊತೆಗಿದ್ದವರು ಏನೂ ನೋಡದೆ ನನ್ನನ್ನು ಕೆಳಗಿಳಿಸಿದರು. ಸರೋವರ ಅಲ್ಲೇ ನಡೆದು ಹೋಗುವಷ್ಟು ದೂರದಲ್ಲಿತ್ತು, ನಾನು ಅದನ್ನು ನೋಡಲೇ ಇಲ್ಲ.

ಆಮೇಲೆ ಕೆಲಸ, ಮದುವೆ, ಮಗು, ಕೊರೊನಾ. 2023ರ ಜುಲೈಗೆ ಮತ್ತೆ ಟಿಕೆಟ್ ಮಾಡಿಸಿದೆ, ಆ ತಿಂಗಳೇ ಹಿಮಾಚಲದಲ್ಲಿ ದೊಡ್ಡ ಪ್ರವಾಹ ಬಂತು. ಚಂದ್ರತಾಲ್‌ನಲ್ಲಿ ಹಿಮ ಬಿದ್ದು ಇನ್ನೂರಕ್ಕೂ ಹೆಚ್ಚು ಜನ ಸಿಕ್ಕಿಹಾಕಿಕೊಂಡು, ಅವರನ್ನು ಹೊರತರುವುದಕ್ಕೆ ದಿನಗಟ್ಟಲೆ ಬೇಕಾಯಿತು. ಟಿಕೆಟ್ ರದ್ದು ಮಾಡಿದೆ. ಕೊನೆಗೆ 2024ರ ಸೆಪ್ಟೆಂಬರ್‌ನಲ್ಲಿ ಹೋಗಿ ಬಂದೆ, 14 ದಿನ ಇಟ್ಟುಕೊಂಡು, ಬೇರೆ ದಾರಿ ಹಿಡಿದು. ಒಂದು ದಿನವೂ ತಲೆನೋವು ಬರಲಿಲ್ಲ. ಹೇಗೆ ಹೋದೆ, ನೀವು ಹೇಗೆ ಹೋಗಬಹುದು ಅಂತ ಒಂದೊಂದಾಗಿ ಬರೆಯುತ್ತೇನೆ.

ಮೊದಲು ದಾರಿ ತೀರ್ಮಾನ ಮಾಡಿ

ಸ್ಪಿತಿ ಅಂದರೆ ಹಿಮಾಚಲ ಪ್ರದೇಶದ ಲಾಹೌಲ್-ಸ್ಪಿತಿ ಜಿಲ್ಲೆಯ ಪೂರ್ವದ ಭಾಗ. ಟಿಬೆಟ್‌ಗೂ ಭಾರತಕ್ಕೂ ನಡುವೆ ಇರುವುದರಿಂದ 'ನಡುವಿನ ನಾಡು' ಅಂತ ಆ ಹೆಸರಿನ ಅರ್ಥ ಹೇಳುತ್ತಾರೆ. ಮುಖ್ಯ ಊರು ಕಾಜಾ, ಸುಮಾರು 3,650 ಮೀಟರ್ ಎತ್ತರದಲ್ಲಿದೆ. ಅಲ್ಲಿಗೆ ಹೋಗಲು ಎರಡು ದಾರಿ. ಒಂದು ಮನಾಲಿಯಿಂದ, ಸುಮಾರು 200 ಕಿಲೋಮೀಟರ್. ಇನ್ನೊಂದು ಶಿಮ್ಲಾದಿಂದ ಕಿನ್ನೌರ್ ಜಿಲ್ಲೆಯ ಮೂಲಕ, ಸುಮಾರು 420 ಕಿಲೋಮೀಟರ್. ಮ್ಯಾಪ್ ನೋಡಿದವರೆಲ್ಲ ಮನಾಲಿ ಹತ್ತಿರ ಅಂತ ಆ ಕಡೆಯಿಂದ ನುಗ್ಗುತ್ತಾರೆ. ನಾನೂ ಅದನ್ನೇ ಮಾಡಿದ್ದೆ. 2020ರ ಅಕ್ಟೋಬರ್‌ನಲ್ಲಿ 9 ಕಿಲೋಮೀಟರ್ ಉದ್ದದ ಅಟಲ್ ಸುರಂಗ ತೆರೆದ ಮೇಲಂತೂ ರೋಹ್ತಾಂಗ್ ಹತ್ತುವ ಕಷ್ಟವೂ ಇಲ್ಲ, ಇನ್ನೂ ಬೇಗ ಮೇಲೆ ಹೋಗಿಬಿಡಬಹುದು. ಬೇಗ ಹೋಗುವುದೇ ಇಲ್ಲಿ ಅಪಾಯ.

ಶಿಮ್ಲಾ ಕಡೆಯ ದಾರಿ ಸ್ವಲ್ಪಸ್ವಲ್ಪವಾಗಿ ಏರುತ್ತದೆ. ನಾರ್ಕಂಡಾ 2,700, ಕಲ್ಪಾ 2,960, ತಾಬೋ 3,280, ಆಮೇಲೆ ಕಾಜಾ. ಮೆಟ್ಟಿಲು ಇಟ್ಟ ಹಾಗೆ ಇದೆ. ಪ್ರತಿ ಮೆಟ್ಟಿಲಲ್ಲೂ ಒಂದೆರಡು ರಾತ್ರಿ ಮಲಗಿದರೆ ಮೈ ತಾನಾಗಿ ಹೊಂದಿಕೊಳ್ಳುತ್ತದೆ. ವಾಪಸ್ ಬರುವಾಗ ಕುಂಜುಮ್ ಪಾಸ್ ದಾಟಿ ಮನಾಲಿಗೆ ಇಳಿಯಿರಿ, ಅಷ್ಟು ಹೊತ್ತಿಗೆ ಎತ್ತರ ನಿಮಗೆ ಅಭ್ಯಾಸವಾಗಿರುತ್ತದೆ. ಈ ಬರಹದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಯಾವಾಗ ಹೋಗಬೇಕು

ಸ್ಪಿತಿಯ ಒಳಗೆ ಮಳೆ ಬಹಳ ಕಡಿಮೆ, ದೊಡ್ಡ ಬೆಟ್ಟಗಳು ಮುಂಗಾರನ್ನು ಆಚೆಯೇ ತಡೆದುಬಿಡುತ್ತವೆ. ಅದನ್ನು ಓದಿ ಜುಲೈ-ಆಗಸ್ಟ್‌ನಲ್ಲಿ ಹೋಗಬಹುದು ಅಂದುಕೊಳ್ಳಬೇಡಿ. ಸ್ಪಿತಿಯಲ್ಲಿ ಮಳೆ ಇಲ್ಲದಿದ್ದರೂ ಅಲ್ಲಿಗೆ ಹೋಗುವ ಎರಡೂ ದಾರಿಗಳಲ್ಲಿ ಮಳೆ ಇರುತ್ತದೆ, ಕಿನ್ನೌರ್‌ನಲ್ಲಿ ಗುಡ್ಡ ಜರಿದು ರಸ್ತೆ ಮುಚ್ಚುವುದು ಆಗಲೇ ಜಾಸ್ತಿ. ಕುಂಜುಮ್ ಪಾಸ್ (4,551 ಮೀಟರ್) ಚಳಿಗಾಲವಿಡೀ ಹಿಮದಲ್ಲಿ ಮುಚ್ಚಿರುತ್ತದೆ, ಸಾಮಾನ್ಯವಾಗಿ ಮೇ ಕೊನೆ ಅಥವಾ ಜೂನ್‌ನಲ್ಲಿ ತೆರೆಯುತ್ತದೆ. ಹಾಗಾಗಿ ಪೂರ್ತಿ ಸುತ್ತು ಹಾಕುವವರಿಗೆ ಜೂನ್ ಎರಡನೇ ಭಾಗ, ಇಲ್ಲವೇ ಸೆಪ್ಟೆಂಬರ್ ಒಳ್ಳೆಯದು.

ನನ್ನ ಮತ ಸೆಪ್ಟೆಂಬರ್‌ಗೆ. ಕಿನ್ನೌರ್‌ನಲ್ಲಿ ಸೇಬಿನ ಕೊಯ್ಲು, ಸ್ಪಿತಿಯಲ್ಲಿ ಬಾರ್ಲಿ ಕೊಯ್ಲು. ಆಕಾಶ ತೊಳೆದಿಟ್ಟ ಹಾಗಿರುತ್ತದೆ. ಅಕ್ಟೋಬರ್‌ನಲ್ಲಿ ಮರಗಳು ಹಳದಿಯಾಗುತ್ತವೆ, ನೋಡಲು ಇನ್ನೂ ಚೆಂದ, ಆದರೆ ಚಂದ್ರತಾಲ್‌ನ ಟೆಂಟ್‌ಗಳನ್ನು ಎತ್ತಲು ಶುರು ಮಾಡಿರುತ್ತಾರೆ ಮತ್ತು ಕುಂಜುಮ್ ಯಾವಾಗ ಮುಚ್ಚುತ್ತದೆ ಅನ್ನುವ ಚಿಂತೆ ತಲೆಯಲ್ಲೇ ಇರುತ್ತದೆ. ಹಿಮಚಿರತೆ ನೋಡಲು ಕಿಬ್ಬರ್‌ಗೆ ಚಳಿಗಾಲದಲ್ಲಿ ಹೋಗುವವರಿದ್ದಾರೆ, ಅದು ಶಿಮ್ಲಾ ಕಡೆಯಿಂದ ಮಾತ್ರ ಆಗುತ್ತದೆ, ಅದರ ತಯಾರಿಯೇ ಬೇರೆ.

ಹೊರಡುವ ಒಂದು ತಿಂಗಳು ಮೊದಲು

ಡಾಕ್ಟರ್ ಹತ್ತಿರ ಹೋಗಿ. ಬಿಪಿ, ಹೃದಯ, ಆಸ್ತಮಾ, ರಕ್ತಹೀನತೆ ಇದ್ದವರು ಮೊದಲೇ ಮಾತಾಡಲೇಬೇಕು. ಡಯಾಮಾಕ್ಸ್ ಅಂತ ಒಂದು ಮಾತ್ರೆ ಇದೆ (ಅಸೆಟಜೋಲಮೈಡ್), ಎತ್ತರಕ್ಕೆ ಹೊಂದಿಕೊಳ್ಳಲು ಸಹಾಯ ಮಾಡುತ್ತದೆ. ಬೇಕೋ ಬೇಡವೋ, ಎಷ್ಟು ಅಂತ ಡಾಕ್ಟರೇ ಹೇಳಲಿ. ಸಲ್ಫಾ ಔಷಧಿ ಆಗಿಬರದವರು ಅದನ್ನು ಅವರಿಗೆ ಖಂಡಿತ ತಿಳಿಸಿ. ಮೆಡಿಕಲ್ ಶಾಪಿನಿಂದ ಸುಮ್ನೆ ತಂದು ನುಂಗಬೇಡಿ.

ದಿನಾ 45 ನಿಮಿಷ ಬಿರುಸಾಗಿ ನಡೆಯಿರಿ, ಮೆಟ್ಟಿಲು ಹತ್ತಿ. ಆದರೆ ಜಿಮ್‌ಗೆ ಹೋಗುತ್ತೇನೆ, ನನಗೇನೂ ಆಗುವುದಿಲ್ಲ ಅನ್ನುವ ಧೈರ್ಯ ಬೇಡ. ಎತ್ತರದ ಕಾಯಿಲೆ ಗಟ್ಟಿಮುಟ್ಟಾದವರಿಗೂ ಬರುತ್ತದೆ, ಅವರು ಬೇಗಬೇಗ ಹತ್ತುವುದರಿಂದ ಕೆಲವು ಸಲ ಅವರಿಗೇ ಮೊದಲು ಬರುತ್ತದೆ.

ಇನ್ನೊಂದು ಕೆಲಸ ಮಾಡಿ, ಇದನ್ನು ಯಾರೂ ಹೇಳುವುದಿಲ್ಲ. ಒಂದು ಭಾನುವಾರ ಬೈಲುಕುಪ್ಪೆಗೆ ಹೋಗಿ ಬನ್ನಿ, ಹುಬ್ಬಳ್ಳಿ ಕಡೆಯವರಾದರೆ ಮುಂಡಗೋಡಿಗೆ. ಟಿಬೆಟ್‌ನ ಬೌದ್ಧರಲ್ಲಿ ಗೆಲುಗ್ ಅನ್ನುವ ಪಂಥದ ಮೂರು ದೊಡ್ಡ ಮಠಗಳು ಈಗ ನಮ್ಮ ರಾಜ್ಯದಲ್ಲೇ ನಡೆಯುತ್ತಿವೆ, ಸೆರಾ ಬೈಲುಕುಪ್ಪೆಯಲ್ಲಿ, ಡ್ರೆಪುಂಗ್ ಮತ್ತು ಗಾಂಡೆನ್ ಮುಂಡಗೋಡಿನಲ್ಲಿ. ನಾವು ಗೋಲ್ಡನ್ ಟೆಂಪಲ್ ಅನ್ನುವ ನಾಮ್‌ಡ್ರೋಲಿಂಗ್ ನಿಂಗ್ಮಾ ಪಂಥದ್ದು. ಸ್ಪಿತಿಯಲ್ಲೂ ಇವೇ ಪಂಥಗಳು: ತಾಬೋ, ಕೀ, ಧಂಕರ್ ಗೆಲುಗ್, ಪಿನ್ ಕಣಿವೆ ನಿಂಗ್ಮಾ, ಕೋಮಿಕ್ ಸಾಕ್ಯ. ಹಿಮಾಲಯದ ಹಳ್ಳಿಗಳ ಹುಡುಗರು ಲಾಮಾ ಆಗಲು ಓದಲು ಬರುವುದು ನಮ್ಮ ಈ ಊರುಗಳಿಗೇ. ಅಲ್ಲಿ ಒಂದು ಹೊತ್ತು ಕೂತು ಪೂಜೆ ನೋಡಿದರೆ, ಗೋಡೆಯ ಚಿತ್ರಗಳಲ್ಲಿ ಯಾರು ಯಾರು ಅಂತ ಕೇಳಿ ತಿಳಿದುಕೊಂಡರೆ, ತಾಬೋದ ಕತ್ತಲೆಯಲ್ಲಿ ನಿಂತಾಗ ಕಣ್ಣಿಗೆ ಬೇರೆಯೇ ಕಾಣಿಸುತ್ತದೆ.

ಚೀಲದಲ್ಲಿ ಏನಿರಬೇಕು

ದಪ್ಪ ಜಾಕೆಟ್ ಒಂದೇ ಸಾಕು ಅಂದುಕೊಳ್ಳಬೇಡಿ. ಒಳಗೆ ಥರ್ಮಲ್, ಮೇಲೆ ಸ್ವೆಟರ್, ಅದರ ಮೇಲೆ ಗಾಳಿ ತಡೆಯುವ ಜರ್ಕಿನ್, ಹೀಗೆ ಪದರ ಪದರವಾಗಿರಲಿ. ಸೆಪ್ಟೆಂಬರ್‌ನಲ್ಲಿ ಮಧ್ಯಾಹ್ನ ಅಂಗಿ ಮಾತ್ರ ಸಾಕಾಗುವ ಬಿಸಿಲು, ಸೂರ್ಯ ಬೆಟ್ಟದ ಹಿಂದೆ ಹೋದ ಹತ್ತು ನಿಮಿಷಕ್ಕೆ ಹಲ್ಲು ಕಟಕಟ. ಉಣ್ಣೆ ಟೊಪ್ಪಿ, ಕೈಗವಸು, ಮೂರ್ನಾಲ್ಕು ಜೊತೆ ದಪ್ಪ ಕಾಲುಚೀಲ, ಒಳ್ಳೆಯ ತಂಪು ಕನ್ನಡಕ, ಸನ್‌ಸ್ಕ್ರೀನ್. ಗಾಳಿ ಎಷ್ಟು ಒಣಗಿರುತ್ತದೆ ಅಂದರೆ ಎರಡನೇ ದಿನಕ್ಕೆ ತುಟಿ ಒಡೆದು ಮೂಗಿನೊಳಗೆ ರಕ್ತ ಬರುತ್ತದೆ, ವ್ಯಾಸಲೀನ್ ಡಬ್ಬಿ ಜೇಬಲ್ಲೇ ಇರಲಿ.

ಟಾರ್ಚ್ ಬೇಕೇಬೇಕು, ಯಾಕೆ ಅಂತ ತಾಬೋಗೆ ಬಂದಾಗ ಹೇಳುತ್ತೇನೆ. ನೀರಿನ ಬಾಟಲಿ ಮನೆಯಿಂದ ಒಯ್ಯಿರಿ, ಪ್ಲಾಸ್ಟಿಕ್ ಬಾಟಲಿ ಕೊಳ್ಳಬೇಡಿ, ಅಲ್ಲಿ ಬಿಸಾಕಿದ್ದನ್ನು ಎತ್ತಿಕೊಂಡು ಹೋಗುವ ವ್ಯವಸ್ಥೆ ನಮ್ಮೂರಿನ ಹಾಗಿಲ್ಲ. ಆಧಾರ್ ಕಾರ್ಡ್ ಜೊತೆಗಿರಲಿ. ಭಾರತೀಯರಿಗೆ ಪರ್ಮಿಟ್ ಬೇಡ. ಅಮೆರಿಕ, ಇಂಗ್ಲೆಂಡಿನ ಪಾಸ್‌ಪೋರ್ಟ್ ಆಗಿರುವ ನೆಂಟರು ಜೊತೆಗಿದ್ದರೆ ಅವರಿಗೆ ಗಡಿಯ ಹತ್ತಿರದ ರೆಕಾಂಗ್ ಪಿಯೋ–ತಾಬೋ ನಡುವಿನ ದಾರಿಗೆ ಇನ್ನರ್ ಲೈನ್ ಪರ್ಮಿಟ್ ಬೇಕು, ಅದನ್ನು ಕಲ್ಪಾ ಹತ್ತಿರದ ಪಟ್ಟಣ ರೆಕಾಂಗ್ ಪಿಯೋದಲ್ಲೇ ಮಾಡಿಸಬಹುದು.

ನಗದು ಜಾಸ್ತಿ ಇಟ್ಟುಕೊಳ್ಳಿ, ಸಣ್ಣ ನೋಟುಗಳಲ್ಲಿ. ಕಾಜಾದಲ್ಲಿ ಎಟಿಎಂ ಇದೆ, ಅದರಲ್ಲಿ ಯಾವಾಗಲೂ ದುಡ್ಡು ಇರುತ್ತದೆ ಅಂತಲ್ಲ. ಫೋನ್ ವಿಷಯಕ್ಕೆ ಲಡಾಖ್ ಹಾಗೆ ಇಲ್ಲಿ ಪ್ರೀಪೇಯ್ಡ್ ಸಿಮ್ ನಿಂತುಹೋಗುವುದಿಲ್ಲ, ಆದರೆ ಕಾಜಾ ಬಿಟ್ಟು ಹೊರಗೆ ಹೋದರೆ ಸಿಗ್ನಲ್ ನಂಬಬೇಡಿ. ಕುಂಜುಮ್ ಕಡೆ ಹೋದರಂತೂ ಏನೂ ಇಲ್ಲ. ಮನೆಯವರಿಗೆ ಮೊದಲೇ ಹೇಳಿಬಿಡಿ, ಇಂಥ ಎರಡು ದಿನ ಫೋನ್ ಬರುವುದಿಲ್ಲ, ಹೆದರಬೇಡಿ ಅಂತ.

ತಿನ್ನಲು ಅವಲಕ್ಕಿ, ಚಟ್ನಿಪುಡಿ ಒಯ್ದಿದ್ದೆ, ಬಹಳ ಉಪಯೋಗಕ್ಕೆ ಬಂತು. ಎತ್ತರದಲ್ಲಿ ಹಸಿವು ಸತ್ತುಹೋಗುತ್ತದೆ, ನಾಲಿಗೆಗೆ ಪರಿಚಯ ಇರುವ ಖಾರ ಇದ್ದರೆ ಎರಡು ತುತ್ತು ಜಾಸ್ತಿ ಇಳಿಯುತ್ತದೆ.

ಮೊದಲ ಮೂರು ದಿನ: ಚಂಡೀಗಢದಿಂದ ಕಲ್ಪಾವರೆಗೆ

ಬೆಂಗಳೂರಿನಿಂದ ಚಂಡೀಗಢಕ್ಕೆ ವಿಮಾನ ಇದೆ. ರೈಲಿನಲ್ಲಿ ಹೋಗುವವರಿಗೆ ಕರ್ನಾಟಕ ಎಕ್ಸ್‌ಪ್ರೆಸ್ ದೆಹಲಿ ತನಕ ಇದ್ದೇ ಇದೆ, ಎರಡು ದಿನ ಸೇರಿಸಿಕೊಳ್ಳಿ. ಚಂಡೀಗಢದಿಂದ ಶಿಮ್ಲಾ ಸುಮಾರು 115 ಕಿಲೋಮೀಟರ್. ಶಿಮ್ಲಾದ ಜನಜಂಗುಳಿಯಲ್ಲಿ ಉಳಿಯುವ ಬದಲು ಇನ್ನೊಂದು 60-65 ಕಿಲೋಮೀಟರ್ ಮುಂದೆ ಹೋಗಿ ನಾರ್ಕಂಡಾದಲ್ಲಿ ಮಲಗಿ.

ಎರಡನೇ ದಿನ ಸಟ್ಲೆಜ್ ನದಿಯ ಪಕ್ಕದಲ್ಲೇ ರಾಮಪುರ ದಾಟಿ ಕಲ್ಪಾ. ಇಡೀ ದಿನ ಹಿಡಿಯುತ್ತದೆ. ಬಂಡೆ ಕೊರೆದು ಮಾಡಿದ ರಸ್ತೆ, ಮೇಲೆ ಬಂಡೆಯ ಚಾವಣಿ, ಕೆಳಗೆ ನದಿ. ಸೇಬಿನ ಲಾರಿಗಳು ಎದುರಿಗೆ ಸಾಲಾಗಿ ಬರುತ್ತವೆ. ಕಲ್ಪಾದಲ್ಲಿ ಎರಡು ರಾತ್ರಿ ಇರಿ. ಕಿಟಕಿ ತೆಗೆದರೆ ಎದುರಿಗೇ ಕಿನ್ನೌರ್ ಕೈಲಾಸ ಶಿಖರ. ಆ ಮಧ್ಯದ ದಿನ ಏನೂ ಮಾಡಬೇಡಿ, ಸೇಬಿನ ತೋಟಗಳ ನಡುವೆ ಸುಮ್ನೆ ಅಡ್ಡಾಡಿ.

ಬಸ್ಸಿನಲ್ಲಿ ಹೋಗುವವರಿಗೆ ಹಿಮಾಚಲದ ಸರ್ಕಾರಿ ಬಸ್ಸುಗಳು ಚೆನ್ನಾಗಿವೆ. ಚಂಡೀಗಢ, ಶಿಮ್ಲಾದಿಂದ ರೆಕಾಂಗ್ ಪಿಯೋ, ಅಲ್ಲಿಂದ ಬೆಳಗ್ಗೆ ಹೊರಡುವ ಕಾಜಾ ಬಸ್. ಅದರ ಟಿಕೆಟ್‌ಗೆ ಹಿಂದಿನ ದಿನವೇ ನಿಲ್ದಾಣದಲ್ಲಿ ವಿಚಾರಿಸಿ. ಸ್ವಂತ ಗಾಡಿಯವರು ರೆಕಾಂಗ್ ಪಿಯೋ ಹತ್ತಿರದ ಪೊವಾರಿಯಲ್ಲಿ ಟ್ಯಾಂಕ್ ತುಂಬಿಸಿ, ಮುಂದೆ ಕಾಜಾ ತನಕ ಬಂಕ್ ಸಿಗುತ್ತದೆ ಅಂತ ನಂಬಬೇಡಿ.

ನಾಲ್ಕನೇ ದಿನ: ನಾಕೋದಲ್ಲಿ ಊಟ, ತಾಬೋದಲ್ಲಿ ನಿದ್ದೆ

ಖಾಬ್ ಅನ್ನುವ ಜಾಗದಲ್ಲಿ ಸ್ಪಿತಿ ನದಿ ಬಂದು ಸಟ್ಲೆಜ್ ಸೇರುತ್ತದೆ. ಅಲ್ಲಿಂದ ಹಸಿರು ಮುಗಿಯಿತು. ಮರ ಇಲ್ಲ, ಹುಲ್ಲಿಲ್ಲ, ಬರೀ ಕಲ್ಲು ಮಣ್ಣಿನ ಬೆಟ್ಟ, ಅದರಲ್ಲೇ ಕಂದು, ನೇರಳೆ, ಬೂದಿ ಬಣ್ಣ. ರಸ್ತೆ ಸುತ್ತಿ ಸುತ್ತಿ ನಾಕೋಗೆ ಏರುತ್ತದೆ, 3,660 ಮೀಟರ್. ಪುಟ್ಟ ಕೆರೆ, ಹಳೆಯ ಗೊಂಪಾ (ಬೌದ್ಧ ಮಠ), ಕಲ್ಲಿನ ಓಣಿಗಳು. ಬಹಳ ಜನ ಅಲ್ಲೇ ಉಳಿಯುತ್ತಾರೆ. ನೀವು ಊಟ ಮಾಡಿ, ಒಂದೆರಡು ಗಂಟೆ ಇದ್ದು, ತಾಬೋಗೆ ಇಳಿದುಬಿಡಿ. ಹಗಲು ಎತ್ತರಕ್ಕೆ ಹೋಗಿ ರಾತ್ರಿ ಕೆಳಗೆ ಮಲಗುವುದು ಮೈಗೆ ಒಳ್ಳೆಯದು.

ಎತ್ತರದ ಲೆಕ್ಕ ಇಲ್ಲೇ ಹೇಳಿಬಿಡುತ್ತೇನೆ. 3,500 ಮೀಟರ್‌ನಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರದ ಮಟ್ಟದಲ್ಲಿ ಸಿಗುವುದರ ಸುಮಾರು ಮೂರನೇ ಎರಡು ಪಾಲು ಅಷ್ಟೇ. ಮೈ ಹೊಂದಿಕೊಳ್ಳಲು ದಿನಗಳು ಬೇಕು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರ ರಾತ್ರಿಗೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ಒಂದು ದಿನ ಸುಮ್ಮನಿರಬೇಕು. ತಲೆನೋವು, ವಾಕರಿಕೆ, ಊಟ ಸೇರದಿರುವುದು, ನಿದ್ದೆ ಬಾರದಿರುವುದು ಶುರುವಾದರೆ ಮೇಲೆ ಹೋಗಬೇಡಿ, ಅಲ್ಲೇ ಇರಿ. ಕೂತಾಗಲೂ ಏದುಸಿರು ಬಂದರೆ, ಕೆಮ್ಮು ಹೆಚ್ಚಾದರೆ, ನೆಟ್ಟಗೆ ನಡೆಯಲಾಗದೆ ತೂರಾಡಿದರೆ, ಮಾತು ತಡವರಿಸಿದರೆ ಆಗ ರಾತ್ರಿಯೋ ಹಗಲೋ ನೋಡದೆ ಕೂಡಲೇ ಕೆಳಗಿಳಿಸಬೇಕು. ಬೆಳಗ್ಗೆ ನೋಡೋಣ ಅನ್ನಬಾರದು. ಮತ್ತೆ, ಮೈಗೆ ಹುಷಾರಿಲ್ಲದಿದ್ದರೆ ಜೊತೆಯವರಿಗೆ ಹೇಳಿ. ಎಲ್ಲರ ಟ್ರಿಪ್ ನನ್ನಿಂದ ಹಾಳಾಗುತ್ತದೆ ಅಂತ ನಾನು 2014ರಲ್ಲಿ ಆರು ಗಂಟೆ ಬಾಯಿ ಮುಚ್ಚಿಕೊಂಡಿದ್ದೆ, ಅದು ಜೀವಕ್ಕೇ ಬರುವ ತಪ್ಪು.

ತಾಬೋದಲ್ಲಿ ಎರಡು ರಾತ್ರಿ

ಅವಸರದಲ್ಲಿರುವವರು ತಾಬೋವನ್ನು ಅರ್ಧ ಗಂಟೆಯಲ್ಲಿ ನೋಡಿ ಮುಗಿಸುತ್ತಾರೆ. ಹೊರಗಿನಿಂದ ಅದು ಮಣ್ಣಿನ ಗೋಡೆಗಳ ತಗ್ಗಾದ ಕಟ್ಟಡಗಳು, ಅಷ್ಟೇ. 996ರಲ್ಲಿ ಪಶ್ಚಿಮ ಟಿಬೆಟ್‌ನ ಗುಗೆ ರಾಜ್ಯದ ಅರಸ ಯೇಶೆ-ಓ ಕಟ್ಟಿಸಿದ್ದು. ಸಂಸ್ಕೃತದ ಬೌದ್ಧ ಗ್ರಂಥಗಳನ್ನು ಟಿಬೆಟನ್ ಭಾಷೆಗೆ ತಂದ ರಿಂಚೆನ್ ಝಾಂಗ್ಪೋ ಹೆಸರೂ ಇದರ ಜೊತೆ ಸೇರಿಕೊಂಡಿದೆ. ನಮ್ಮಲ್ಲಿ ರನ್ನ ಗದಾಯುದ್ಧ ಬರೆದ ಕಾಲ ಅದು. ಸಾವಿರ ವರ್ಷ ತುಂಬಿದಾಗ, 1996ರಲ್ಲಿ, ದಲೈ ಲಾಮಾ ಇಲ್ಲಿ ಕಾಲಚಕ್ರ ದೀಕ್ಷೆ ಕೊಟ್ಟರು.

ಒಳಗೆ ಕತ್ತಲೆ. ಬಣ್ಣ ಮಾಸಬಾರದು ಅಂತ ಬೆಳಕು ಬಿಡುವುದಿಲ್ಲ, ಫೋಟೋ ತೆಗೆಯುವ ಹಾಗಿಲ್ಲ. ಅದಕ್ಕೇ ಟಾರ್ಚ್ ಅಂದಿದ್ದು, ಅದನ್ನೂ ಮಂದವಾಗಿ, ಲಾಮಾ ಹತ್ತಿರ ಕೇಳಿ ಬಳಸಿ. ಮೊದಲು ಐದು ನಿಮಿಷ ಸುಮ್ನೆ ಕೂತುಕೊಳ್ಳಿ. ಕಣ್ಣು ಒಗ್ಗಿದ ಹಾಗೆ ಸುತ್ತ ಗೋಡೆಯಿಂದ ಮಣ್ಣಿನ ಮೂರ್ತಿಗಳು ಒಂದೊಂದಾಗಿ ಹೊರಬರುತ್ತವೆ, ನೆಲ ಮುಟ್ಟದೆ ಗಾಳಿಯಲ್ಲಿ ಕೂತ ಹಾಗೆ. ನಡುವೆ ನಾಲ್ಕು ದಿಕ್ಕಿಗೂ ಮುಖ ಮಾಡಿರುವ ವೈರೋಚನ ಬುದ್ಧ. ಮೂರ್ತಿಗಳ ಕೆಳಗೆ ಚಿತ್ರಗಳ ಸಾಲು. ಒಂದು ಕಡೆ ಬುದ್ಧನ ಜೀವನ. ಇನ್ನೊಂದು ಕಡೆ ಸುಧನ ಅನ್ನುವ ಹುಡುಗನ ಕಥೆ. ಒಬ್ಬ ಗುರುವಿನ ಹತ್ತಿರ ಹೋಗುತ್ತಾನೆ, ಅವರು ತಮಗೆ ಗೊತ್ತಿರುವಷ್ಟು ಹೇಳಿ ಮುಂದಿನವರ ಹತ್ತಿರ ಕಳಿಸುತ್ತಾರೆ, ಹೀಗೆ ಐವತ್ತಕ್ಕೂ ಹೆಚ್ಚು ಗುರುಗಳು. ನಾನು ಆ ಗೋಡೆಯ ಉದ್ದಕ್ಕೂ ಎರಡು ಸಲ ನಡೆದೆ. ಎರಡನೇ ಸಲ ಹಿಂದೆ ನಿಂತಿದ್ದ ಲಾಮಾ ನನ್ನ ಊರು ಕೇಳಿ, ಕರ್ನಾಟಕ ಅಂದ ಕೂಡಲೇ "ಊಟ ಆಯ್ತಾ?" ಅಂದರು, ಕನ್ನಡದಲ್ಲೇ. ಮುಂಡಗೋಡಿನಲ್ಲಿ ಒಂಬತ್ತು ವರ್ಷ ಓದಿದವರಂತೆ. ಅಲ್ಲಿನ ಸೆಕೆ, ಮಾವಿನಹಣ್ಣು, ಹುಬ್ಬಳ್ಳಿ ಬಸ್ಸು ಎಲ್ಲ ಕೇಳಿದರು.

ಮಠಗಳಲ್ಲಿ ನಡೆದುಕೊಳ್ಳುವುದು ನಮಗೆ ಹೊಸದೇನಲ್ಲ. ಚಪ್ಪಲಿ ಬಿಡಿ, ಟೊಪ್ಪಿ ತೆಗೆಯಿರಿ, ಪ್ರದಕ್ಷಿಣೆ ಹಾಕುವ ಹಾಗೇ ಎಡದಿಂದ ಬಲಕ್ಕೆ ಸುತ್ತಿ. ದಾರಿಯಲ್ಲಿ ಮಂತ್ರ ಕೆತ್ತಿದ ಕಲ್ಲುಗಳ ಮಣಿ ಗೋಡೆ ಸಿಕ್ಕರೆ ಅದು ನಿಮ್ಮ ಬಲಗಡೆ ಇರುವ ಹಾಗೆ ದಾಟಿ. ಆ ಕಲ್ಲುಗಳನ್ನು ನೆನಪಿಗೆ ಅಂತ ಎತ್ತಿಕೊಂಡು ಬರಬೇಡಿ, ಅದು ಯಾರದೋ ಹರಕೆ.

ಎರಡನೇ ದಿನ ಬೆಳಗ್ಗೆ ಪೂಜೆಗೆ ಕೂತು, ಆಮೇಲೆ ಗಾಡಿ ಮಾಡಿಕೊಂಡು ಗ್ಯು ಹಳ್ಳಿಗೆ ಹೋಗಬಹುದು. ಸುಮಾರು ಐನೂರು ವರ್ಷದ ಹಿಂದೆ ಧ್ಯಾನದಲ್ಲಿ ಕೂತಲ್ಲೇ ದೇಹ ಬಿಟ್ಟ ಸಂಘಾ ತೆನ್ಜಿನ್ ಅನ್ನುವ ಲಾಮಾರ ದೇಹ ಅಲ್ಲಿದೆ, ಏನೂ ಲೇಪ ಇಲ್ಲದೆ ಒಣಗಿ ಉಳಿದದ್ದು. 1975ರ ಭೂಕಂಪದಲ್ಲಿ ಹೊರಗೆ ಬಂತು. ಊರಿನವರಿಗೆ ಅದು ದೇವರು, ಹಾಗೆಯೇ ಹೋಗಿ ನಿಲ್ಲಿ.

ಧಂಕರ್ ದಾರಿಯಲ್ಲಿ ಕಾಜಾ

ತಾಬೋದಿಂದ ಕಾಜಾ 47 ಕಿಲೋಮೀಟರ್ ಮಾತ್ರ. ನಡುವೆ ಮೇಲಕ್ಕೆ ತಿರುಗಿದರೆ ಧಂಕರ್, ಸ್ಪಿತಿಯ ಹಳೆಯ ರಾಜಧಾನಿ, ಸುಮಾರು 3,890 ಮೀಟರ್. ಗಾಳಿ ಕೊರೆದ ಮಣ್ಣಿನ ಶಿಖರಗಳ ತುದಿಯಲ್ಲಿ ಗೊಂಪಾ ಅಂಟಿಕೊಂಡಿದೆ, ಕೆಳಗೆ ಸ್ಪಿತಿ ಮತ್ತು ಪಿನ್ ನದಿಗಳು ಸೇರುವುದು ಕಾಣುತ್ತದೆ. 2006ರಲ್ಲಿ ಜಗತ್ತಿನ ಅಪಾಯದಲ್ಲಿರುವ 100 ತಾಣಗಳ ಪಟ್ಟಿಗೆ ಇದನ್ನು ಸೇರಿಸಿದ್ದರು. ಹಳೆಯ ಕಟ್ಟಡದೊಳಗೆ ಒಟ್ಟಿಗೆ ಬಹಳ ಜನ ನುಗ್ಗಬೇಡಿ.

ಕಾಜಾದಲ್ಲಿ ಮೂರು ರಾತ್ರಿ ಇಟ್ಟುಕೊಳ್ಳಿ. ಬಂದ ದಿನ ಬಟ್ಟೆ ಒಗೆದು, ಬಿಸಿ ತುಕ್ಪಾ (ನೂಡಲ್ಸ್ ಹಾಕಿದ ಸೂಪು) ಕುಡಿದು ಮಲಗಿ. ಇಲ್ಲಿ ಬಂಕ್, ಮೆಡಿಕಲ್, ಸರ್ಕಾರಿ ಆಸ್ಪತ್ರೆ, ಟ್ಯಾಕ್ಸಿ ಯೂನಿಯನ್ ಎಲ್ಲ ಇದೆ. ಟ್ಯಾಕ್ಸಿಗಳಿಗೆ ಯೂನಿಯನ್ ದರ ನಿಗದಿ ಮಾಡಿದೆ, ಚೌಕಾಸಿ ಬೇಡ, ಜೊತೆಗೆ ಇನ್ನಿಬ್ಬರು ಪ್ರವಾಸಿಗಳನ್ನು ಸೇರಿಸಿಕೊಂಡರೆ ಖರ್ಚು ಹಂಚಿಹೋಗುತ್ತದೆ.

ಒಂದು ದಿನ ಕೀ ಗೊಂಪಾ, ಕಿಬ್ಬರ್, ಚಿಚಂ ಸೇತುವೆ. ಕೀ ಸ್ಪಿತಿಯ ಅತಿ ದೊಡ್ಡ ಮಠ, 4,166 ಮೀಟರ್, ಗುಡ್ಡದ ಮೇಲೆ ಬಿಳಿ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಇಟ್ಟ ಹಾಗೆ. ಅಡುಗೆಮನೆಯಲ್ಲಿ ಲಾಮಾಗಳು ಬಂದವರಿಗೆಲ್ಲ ಗಿಡಮೂಲಿಕೆ ಚಹಾ ಕೊಡುತ್ತಾರೆ, ಬೇಡ ಅನ್ನಬೇಡಿ. ಚಿಚಂ ಸೇತುವೆ 2017ರಲ್ಲಿ ಆಗುವ ತನಕ ಆ ಆಳದ ಕಮರಿಯನ್ನು ಜನ ಹಗ್ಗಕ್ಕೆ ತೂಗಿಬಿಟ್ಟ ತೊಟ್ಟಿಲಲ್ಲಿ ಕೂತು ದಾಟುತ್ತಿದ್ದರು. ಇನ್ನೊಂದು ದಿನ ಪಿನ್ ಕಣಿವೆ, ಮುದ್ ಹಳ್ಳಿ ತನಕ. ಆ ಕಣಿವೆಯ ಒಂದು ಭಾಗ 1987ರಿಂದ ರಾಷ್ಟ್ರೀಯ ಉದ್ಯಾನ.

ಒಂದು ರಾತ್ರಿಯಾದರೂ ಹಳ್ಳಿಮನೆಯಲ್ಲಿ

ಲಾಂಗ್ಝಾ, ಹಿಕ್ಕಿಂ, ಕೋಮಿಕ್ ಈ ಮೂರನ್ನೂ ಕಾಜಾದಿಂದ ಒಂದೇ ದಿನದಲ್ಲಿ ಸುತ್ತಿ ಬರುವವರೇ ಜಾಸ್ತಿ. ನಾನು ಲಾಂಗ್ಝಾದಲ್ಲಿ ಒಂದು ರಾತ್ರಿ ಉಳಿದೆ, ಇಡೀ ಪ್ರವಾಸದಲ್ಲಿ ಮನಸ್ಸಿಗೆ ಹತ್ತಿರವಾದದ್ದು ಅದೇ. 4,400 ಮೀಟರ್, ನಾನು ಮೇಲೆ ಹೇಳಿದ 500 ಮೀಟರ್ ಲೆಕ್ಕ ಇಲ್ಲಿ ಮೀರುತ್ತದೆ, ಹಾಗಾಗಿ ಕಾಜಾದ ಮೂರು ರಾತ್ರಿ ಮುಗಿದ ಮೇಲೆ, ಹುಷಾರಾಗಿದ್ದರೆ ಮಾತ್ರ. ಊರ ಮೇಲೆ ದೊಡ್ಡ ಬುದ್ಧ, ಹಿಂದೆ 6,300 ಮೀಟರ್‌ನ ಚೌ ಚೌ ಕಾಂಗ್ ನಿಲ್ಡಾ ಶಿಖರ. ನೆಲದಲ್ಲಿ ಶಂಖದ ಹಾಗೆ ಸುರುಳಿ ಇರುವ ಕಲ್ಲುಗಳು ಸಿಗುತ್ತವೆ. ನಮ್ಮ ಮನೆಗಳಲ್ಲಿ ಪೂಜೆಗಿಡುವ ಸಾಲಿಗ್ರಾಮವೂ ಇದೇ ಜಾತಿಯದು: ಹಿಮಾಲಯ ಏಳುವ ಮೊದಲು ಇಲ್ಲಿದ್ದ ಟೆಥಿಸ್ ಸಮುದ್ರದ ಜೀವಿಗಳು ಕಲ್ಲಾಗಿ ಉಳಿದದ್ದು. ಮಕ್ಕಳು ಮಾರಲು ತಂದರೂ ಕೊಳ್ಳಬೇಡಿ, ಹೀಗೇ ಹೋದರೆ ಅಲ್ಲಿ ಏನೂ ಉಳಿಯುವುದಿಲ್ಲ.

ಮನೆಯ ಹಿರಿಯ ಹೆಂಗಸನ್ನು ಆಮಾ ಅಂತ ಕರೆದರೆ ಆಯಿತು, ಯಾರು ಸಿಕ್ಕರೂ ಮೊದಲು ಜುಲೇ ಅನ್ನಿ. ಹಿಂದಿ ಎಲ್ಲರಿಗೂ ಬರುತ್ತದೆ. ಶೌಚಾಲಯ ನೀರಿಲ್ಲದ್ದು, ಗುಂಡಿಗೆ ಮಣ್ಣು, ಬೂದಿ ಎಳೆದುಬಿಡಬೇಕು, ಅದೇ ಮುಂದೆ ಹೊಲಕ್ಕೆ ಗೊಬ್ಬರ. ಸ್ನಾನಕ್ಕೆ ಬಿಸಿನೀರು ಕೇಳಬೇಡಿ, ಸೌದೆ ಅಲ್ಲಿ ಬಂಗಾರ. ಆ ಎತ್ತರದಲ್ಲಿ ನೀರು 85 ಡಿಗ್ರಿ ಹತ್ತಿರವೇ ಕುದಿಯುತ್ತದೆ, ಬೇಳೆ ಬೇಯಲು ಬಹಳ ಹೊತ್ತು ಬೇಕು, ಊಟ ತಡವಾಯಿತು ಅಂತ ಗೊಣಗಬೇಡಿ. ನಾನಿದ್ದ ಮನೆಯ ಆಮಾ ಬಟ್ಟಲಲ್ಲಿ ತ್ಸಂಪಾ ಹಾಕಿ ಉಪ್ಪು-ಬೆಣ್ಣೆ ಚಹಾದಲ್ಲಿ ಕಲಸಿ ಕೊಟ್ಟರು. ಬಾರ್ಲಿ ಹುರಿದು ಬೀಸಿದ ಹಿಟ್ಟು. ಬಾಯಿಗಿಟ್ಟರೆ ನಮ್ಮ ಹುರಿಹಿಟ್ಟಿನ ವಾಸನೆ! ಹಾಗಂದಾಗ ಅವರಿಗೆ ಬಹಳ ಖುಷಿಯಾಯಿತು, ನಿಮ್ಮಲ್ಲಿ ಯಾವ ಕಾಳಿನದು, ಹೇಗೆ ಹುರಿಯುತ್ತೀರಿ ಅಂತ ಒಲೆಯ ಮುಂದೆ ಕೂರಿಸಿಕೊಂಡು ಕೇಳಿದರು. ರಾಗಿ ಅಂದರೆ ಅವರಿಗೆ ಗೊತ್ತಿತ್ತು. ಕಿರಿಯ ಮಗ ಬೈಲುಕುಪ್ಪೆಯಲ್ಲಿ ಲಾಮಾ ಆಗಲು ಓದುತ್ತಿದ್ದಾನೆ, ಅಲ್ಲಿ ರಾಗಿ ತಿಂದೆ ಅಂತ ಫೋನಿನಲ್ಲಿ ಹೇಳಿದ್ದನಂತೆ.

ಮರುದಿನ ಹಿಕ್ಕಿಂನಲ್ಲಿ ಮನೆಗೆ ಒಂದು ಕಾರ್ಡ್ ಹಾಕಿ. 1983ರಿಂದ ನಡೆಯುತ್ತಿರುವ ಅಂಚೆ ಕಚೇರಿ, ಜಗತ್ತಿನ ಅತಿ ಎತ್ತರದ ಅಂಚೆ ಕಚೇರಿಗಳಲ್ಲಿ ಒಂದು. ಪಿನ್‌ಕೋಡ್ ಸರಿಯಾಗಿ ಬರೆಯಿರಿ, ಸಮಯ ಹಿಡಿಯುತ್ತದೆ.

ಕುಂಜುಮ್ ದಾಟಿ ಇಳಿಯುವುದು

ಕಾಜಾದಿಂದ ಬೆಳಗ್ಗೆ ಆರಕ್ಕೇ ಹೊರಡಿ. ಇದಕ್ಕೆ ಕಾರಣ ಇದೆ. ಬಿಸಿಲೇರಿದ ಹಾಗೆ ಮೇಲಿನ ಹಿಮ ಕರಗಿ ರಸ್ತೆಗೆ ಅಡ್ಡ ಹರಿಯುವ ಹಳ್ಳಗಳಲ್ಲಿ ನೀರು ಏರುತ್ತದೆ, ಬೆಳಗ್ಗೆ ಪಾದ ನೆನೆಯುವಷ್ಟಿದ್ದದ್ದು ಮಧ್ಯಾಹ್ನಕ್ಕೆ ಗಾಡಿಯನ್ನೇ ತಡೆಯಬಹುದು. ಲೋಸರ್‌ನಲ್ಲಿ ತಿಂಡಿ ತಿಂದು, ಕುಂಜುಮ್ ಮೇಲಿನ ದೇವಿಗೆ ಕೈ ಮುಗಿದು (ಡ್ರೈವರ್‌ಗಳು ಗುಡಿಗೆ ಒಂದು ಸುತ್ತು ಹಾಕದೆ ಮುಂದೆ ಹೋಗುವುದಿಲ್ಲ), ಚಂದ್ರತಾಲ್ ಕಡೆ ತಿರುಗಿ. ಅದು 2005ರಿಂದ ರಾಮ್ಸರ್ ತಾಣ (ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಜಲತಾಣ), ದಡದಲ್ಲಿ ಟೆಂಟ್ ಹಾಕುವ ಹಾಗಿಲ್ಲ. ಕ್ಯಾಂಪುಗಳು ಸ್ವಲ್ಪ ದೂರದಲ್ಲಿವೆ, ಗಾಡಿ ನಿಂತ ಮೇಲೆ ಕೊನೆಯ ದಾರಿ ನಡೆದೇ ಹೋಗಬೇಕು.

ಹತ್ತು ವರ್ಷದ ಹಿಂದೆ ನೋಡದೆ ವಾಪಸ್ ಬಂದ ನೀರಿನ ಮುಂದೆ ಸಂಜೆ ನಾಲ್ಕಕ್ಕೆ ನಿಂತೆ. ಬೇರೆಯವರು ಫೋಟೋ ತೆಗೆದುಕೊಂಡು ಹೊರಟುಹೋದರು. ನಾನು ಸರೋವರದ ಸುತ್ತ ಒಂದು ಪ್ರದಕ್ಷಿಣೆ ಹಾಕಿದೆ, ಎಡದಿಂದ ಬಲಕ್ಕೆ, ಉಸಿರಿಗೆ ತಕ್ಕ ಹಾಗೆ ನಿಂತು ನಿಂತು. ಮುಗಿಯುವ ಹೊತ್ತಿಗೆ ಬಣ್ಣ ಮೂರು ಸಲ ಬದಲಾಗಿತ್ತು.

ಮಾರನೇ ದಿನ ಬಾತಲ್‌ನಿಂದ ಗ್ರಾಂಫೂ ತನಕ ರಸ್ತೆ ಅನ್ನುವುದಕ್ಕಿಂತ ಕಲ್ಲಿನ ಹಾಸು ಅನ್ನಬೇಕು, ಬೆನ್ನು ನೋವಿದ್ದವರು ಬೆಲ್ಟ್ ಕಟ್ಟಿಕೊಳ್ಳಿ. ಆಮೇಲೆ ಅಟಲ್ ಸುರಂಗ, ಅದರ ಆಚೆ ದೇವದಾರು ಮರಗಳು, ಮನಾಲಿ. ಮನಾಲಿ ತಲುಪಿದ ಮರುದಿನಕ್ಕೇ ಚಂಡೀಗಢದಿಂದ ವಿಮಾನ ಬುಕ್ ಮಾಡಬೇಡಿ. ರಸ್ತೆ ಮುಚ್ಚಿದರೆ ಬೇಕಾಗುತ್ತದೆ ಅಂತ ಒಂದು ದಿನ ಖಾಲಿ ಇಡಿ, ರಸ್ತೆ ಮುಚ್ಚದಿದ್ದರೆ ನಿದ್ದೆ ಮಾಡಿ.

ಚೀಲದಲ್ಲಿ ವಾಪಸ್ ಬರುವಾಗ ಒಂದೆರಡು ಕಿಲೋ ಜಾಗವೂ ಉಳಿಸಿಕೊಳ್ಳಿ. ಲಾಂಗ್ಝಾದ ಆಮಾ ಹೊರಡುವಾಗ ಬಟ್ಟೆಯಲ್ಲಿ ಗಂಟು ಕಟ್ಟಿದ ತ್ಸಂಪಾ ಕೊಟ್ಟು, ಮಗನ ಕೋಣೆಯ ನಂಬರ್ ಬರೆದ ಚೀಟಿ ಕೊಟ್ಟಿದ್ದರು. ಬಂದ ಎರಡನೇ ಭಾನುವಾರ ಬೈಲುಕುಪ್ಪೆಗೆ ಹೋದೆ. ಹದಿನೇಳು ವರ್ಷದ ಹುಡುಗ ಗಂಟು ಬಿಚ್ಚುವ ಮೊದಲೇ ಮೂಗಿಗೆ ಹಿಡಿದ, ಆಮೇಲೆ ನನ್ನನ್ನು ಕೂರಿಸಿ ಕನ್ನಡದಲ್ಲಿ ಕೇಳಿದ: "ಅಣ್ಣಾ, ಹೊಲ ಕೊಯ್ದಾಯ್ತಾ?"